ಸಾಸಿವೆ ಡಬ್ಬಿಯ ತಾರೀಖು

(ಉಪನ್ಯಾಸದ ಬರಹರೂಪ)



ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಎಷ್ಟೋ ಮನೆಗಳಲ್ಲಿ ನಡೆಯುವ ಪ್ರಸಂಗವೊಂದಿದೆ. ಮಗಳೋ ಮಗನೋ ಸೊಸೆಯೋ ಕಾಫಿಪುಡಿ ಹುಡುಕುತ್ತ ಅಡುಗೆಮನೆಯ ಕಪಾಟು ತೆರೆಯುತ್ತಾರೆ. ಕಾಫಿಪುಡಿಯ ಹಿಂದೆ ಜಾಯಿಕಾಯಿಯ ಪೊಟ್ಟಣ, ಅದರ ಹಿಂದೆ ಗಟ್ಟಿಯಾಗಿ ಕಲ್ಲಿನಂತಾದ ಇಂಗು, ಇನ್ನೂ ಹಿಂದೆ ಯಾವುದೋ ಮದುವೆಯಲ್ಲಿ ಉಳಿದ ಮರಾಠಿ ಮೊಗ್ಗು ಮತ್ತು ಕಲ್ಲುಹೂವು, ಬಣ್ಣ ಮಾಸಿ ಇಟ್ಟಿಗೆಪುಡಿಯಂತೆ ಕಾಣುವ ಖಾರದಪುಡಿ, ತಳದಲ್ಲಿ ಎರಡು ಚಮಚ ಉಳಿದಿರುವ ಹಾರ್ಲಿಕ್ಸ್ ಬಾಟಲಿ. ತಾರೀಖು ಓದುತ್ತ ಹೋದಂತೆ ಮೊದಲು ನಗು, ಆಮೇಲೆ ಗಾಬರಿ, ಕೊನೆಗೆ ಸಿಟ್ಟು. ‘ಅಮ್ಮಾ, ಇದು ಮುಗಿದು ಏಳು ವರ್ಷ ಆಯ್ತಲ್ಲ!’ ಎಂಬ ಮಾತಿಗೆ ಅಮ್ಮನ ಉತ್ತರವೂ ನಿಶ್ಚಿತ: ‘ಏನೂ ಆಗಿಲ್ಲ, ಇರಲಿ ಬಿಡು.’ ಮಧ್ಯಾಹ್ನದ ಹೊತ್ತಿಗೆ ಕಪ್ಪು ಚೀಲವೊಂದು ತುಂಬಿ ಬಾಗಿಲ ಬಳಿ ನಿಂತಿರುತ್ತದೆ.

ಇದು ಮನೆಯೊಳಗಿನ ಸಣ್ಣ ಜಗಳವೆಂದು ಕಾಣುವುದು ಸಹಜ. ಆದರೆ ಆ ಚೀಲದ ಸುತ್ತ ನಾಲ್ಕು ಪ್ರಶ್ನೆಗಳಿವೆ. ತಾರೀಖು ಬರೆದವರು ಯಾರು? ಅದಿಲ್ಲದೆಯೂ ಆಹಾರದ ಆಯುಷ್ಯವನ್ನು ಅಳೆಯುತ್ತಿದ್ದವರು ಯಾರು? ಎಸೆಯಲಾರದ ಮನಸ್ಸು ಎಲ್ಲಿಂದ ಬಂತು? ಎಸೆದದ್ದು ಯಾರ ಪಾಲಿಗೆ ಹೋಗುತ್ತದೆ? ಈ ಉಪನ್ಯಾಸದ ವಿಷಯ ಇಷ್ಟೇ.

ಮೊದಲು ತಾರೀಖಿನ ವಿಚಾರ. ಪೊಟ್ಟಣದ ಮೇಲಿನ ತಾರೀಖಿಗೆ ಒಂದು ಚರಿತ್ರೆಯಿದೆ. ಅದೂ ತೀರ ಈಚಿನದು. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಕೊಳ್ಳುವವರು ಓದಬಲ್ಲ ತಾರೀಖು ಸೂಪರ್ ಮಾರ್ಕೆಟ್ಟುಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು ಇದ್ದದ್ದು ಅಂಗಡಿಯವರ ದಾಸ್ತಾನಿನ ಲೆಕ್ಕಕ್ಕೆ ಬೇಕಾದ ಸಂಕೇತಗಳು ಮಾತ್ರ. ಬಳಕೆದಾರರು ತಾಜಾತನದ ಮಾಹಿತಿ ತಮಗೂ ಬೇಕೆಂದು ಕೇಳಿದ್ದರಿಂದ ಆ ಲೆಕ್ಕ ಬಹಿರಂಗವಾಯಿತು. ಇದು ಬಳಕೆದಾರರ ಗೆಲುವೇ, ಸಂಶಯವಿಲ್ಲ. ಆದರೆ ದಾಸ್ತಾನು ಬೇಗ ಬೇಗ ಖಾಲಿಯಾಗಿ ಹೊಸ ಸರಕು ಮಾರಾಟವಾಗುವುದು ಮಾರುವವರಿಗೂ ಲಾಭ ಎಂಬುದನ್ನು ಮರೆಯಬಾರದು.

ಇಂದಿಗೂ ಅಮೆರಿಕದಲ್ಲಿ ಎಳೆಗೂಸುಗಳ ಹಾಲಿನಪುಡಿಯನ್ನು ಬಿಟ್ಟರೆ ಉಳಿದ ಆಹಾರಗಳಿಗೆ ಸಾಮಾನ್ಯವಾಗಿ ಇಂಥ ತಾರೀಖು ಹಾಕಲೇಬೇಕೆಂಬ ಒಕ್ಕೂಟ ಮಟ್ಟದ ಕಾನೂನಿಲ್ಲ. ಅಲ್ಲಿನ ಪೊಟ್ಟಣಗಳ ಮೇಲಿರುವ ಬಹುಪಾಲು ತಾರೀಖುಗಳು ತಯಾರಕರ ಅಂದಾಜು. ಈ ಗೊಂದಲದಿಂದ ಒಳ್ಳೆಯ ಆಹಾರ ಕಸದ ಪಾಲಾಗುತ್ತಿದೆಯೆಂದು ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಕಾನೂನು ಮಾಡಿ, ‘ಸೆಲ್ ಬೈ’ ಎಂಬ ತಾರೀಖನ್ನು ಗಿರಾಕಿಗಳಿಗೆ ಕಾಣುವಂತೆ ಅಚ್ಚುಹಾಕುವುದನ್ನು ನಿಷೇಧಿಸಿತು. ಬ್ರಿಟನ್ನಿನಲ್ಲಿ ಎರಡು ಮಾತುಗಳಿಗೆ ಎರಡು ಅರ್ಥವಿದೆ. ‘ಯೂಸ್ ಬೈ’ ಎಂದರೆ ಸುರಕ್ಷತೆಯ ಗಡಿ. ಅದನ್ನು ದಾಟಿದ ಮಾಂಸ, ಮೀನುಗಳನ್ನು ತಿನ್ನಬಾರದು. ‘ಬೆಸ್ಟ್ ಬಿಫೋರ್’ ಎಂದರೆ ರುಚಿ, ಪರಿಮಳಗಳ ಗಡಿ. ಅದು ದಾಟಿದ ಮೇಲೂ ಮಾರುವುದು ಅಪರಾಧವಲ್ಲ. 2022ರಲ್ಲಿ ಅಲ್ಲಿನ ಕೆಲವು ದೊಡ್ಡ ಅಂಗಡಿಗಳು ನೂರಾರು ಬಗೆಯ ಹಣ್ಣು ತರಕಾರಿಗಳ ಮೇಲಿನ ‘ಬೆಸ್ಟ್ ಬಿಫೋರ್’ ತಾರೀಖನ್ನು ತಾವಾಗಿಯೇ ತೆಗೆದುಹಾಕಿದವು. ಭಾರತದ 2020ರ ಲೇಬಲ್ ನಿಯಮಗಳಾದರೋ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ತಾರೀಖನ್ನು ಕಡ್ಡಾಯ ಮಾಡಿ ‘ಬೆಸ್ಟ್ ಬಿಫೋರ್’ ಅನ್ನು ಐಚ್ಛಿಕವಾಗಿ ಉಳಿಸಿದವು. ಹೀಗಾಗಿ ಅಲ್ಲಿ ಪನೀರಿನ ಪೊಟ್ಟಣಕ್ಕೂ ಕಾಳುಮೆಣಸಿನ ಪೊಟ್ಟಣಕ್ಕೂ ಒಂದೇ ಮಾತು. ಮೊದಲನೆಯದು ಕೆಟ್ಟರೆ ಆಸ್ಪತ್ರೆ. ಎರಡನೆಯದು ಹಳತಾದರೆ ಸಾರು ಸಪ್ಪೆ.

ಇನ್ನು ತಾರೀಖಿಲ್ಲದೆ ಅಳೆಯುತ್ತಿದ್ದವರ ಮಾತು. ಕಾಳುಮೆಣಸು, ಲವಂಗ, ಚಕ್ಕೆ, ಜಾಯಿಕಾಯಿಗಳ ಪರಿಮಳವಿರುವುದು ಆವಿಯಾಗಿ ಹೋಗುವ ಎಣ್ಣೆಗಳಲ್ಲಿ. ಇಡಿಯಾಗಿ, ತೇವ ತಾಕದಂತೆ, ಬೆಳಕು ಬೀಳದ ಕಡೆ ಇಟ್ಟರೆ ಅವು ವರ್ಷಗಟ್ಟಲೆ ಉಳಿಯುತ್ತವೆ; ಕುಟ್ಟಿದ ಮೇಲೆ ಗಾಳಿ ತಗಲುವ ಮೈ ಹೆಚ್ಚಿ ಸತ್ವ ಬೇಗ ಹಾರಿಹೋಗುತ್ತದೆ. ಅಡುಗೆಮನೆಯ ಹೆಂಗಸರು ಇದನ್ನು ಪುಸ್ತಕದಿಂದ ಕಲಿತವರಲ್ಲ. ಸಾರಿನಪುಡಿಯನ್ನು ಎರಡು ಮೂರು ತಿಂಗಳಿಗೆ ಆಗುವಷ್ಟೇ ಮಾಡಿ, ಲವಂಗ ಚಕ್ಕೆಗಳನ್ನು ಇಡಿಯಾಗಿಯೇ ಡಬ್ಬಿಗೆ ಹಾಕುವ ಪದ್ಧತಿಯಲ್ಲಿ ಆ ಅರಿವಿದೆ. ತೊಗರಿಬೇಳೆಗೆ ಹರಳೆಣ್ಣೆ ಸವರಿಡುವುದು, ಅಕ್ಕಿಗೆ ಬೇವಿನೆಲೆ ಸೇರಿಸುವುದು, ಹುಳ ಬೀಳದಂತೆ ರವೆಯನ್ನು ಹುರಿದಿಡುವುದು, ಉಪ್ಪಿನಕಾಯಿಯ ಭರಣಿಗೆ ಒದ್ದೆ ಕೈ ಸೋಕದಂತೆ ಕಾಯುವುದು, ಬೇಸಿಗೆಯಲ್ಲಿ ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಒಣಗಿಸುವುದು, ಇವೆಲ್ಲ ಕೂಲಿಯಿಲ್ಲದ ದುಡಿಮೆ; ಯಾವ ಲೇಬಲ್ಲಿನಲ್ಲೂ ಹೆಸರಿಲ್ಲದ ವಿದ್ಯೆ. ಕೆಲವು ಪದಾರ್ಥಗಳಿಗೆ ಹಳತಾಗುವುದೇ ಹಿರಿಮೆ. ಹಳೆ ಅಕ್ಕಿಯ ಅನ್ನ ಉದುರುದುರಾಗುತ್ತದೆ. ಹಳೆ ಹುಣಸೆಹಣ್ಣಿಗೆ ಔಷಧದ ಬೆಲೆ. ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ ವರ್ಷ ದಾಟಿದ ಮೇಲೂ ಊಟದೆಲೆಗೆ ಬರುತ್ತದೆ.

ಹಾಗೆಂದು ‘ಏನೂ ಆಗಿಲ್ಲ’ ಎಂಬ ಅಮ್ಮನ ಮಾತು ಎಲ್ಲ ಡಬ್ಬಿಗಳಿಗೂ ಸಲ್ಲುವುದಿಲ್ಲ. ಹಳೆಯ ತೊಗರಿಬೇಳೆ ಎಷ್ಟು ಸಲ ಕುಕ್ಕರ್ ಕೂಗಿಸಿದರೂ ಬೇಯುವುದಿಲ್ಲ. ಅದರಿಂದ ಗ್ಯಾಸಿಗೆ ನಷ್ಟವೇ ಹೊರತು ದೇಹಕ್ಕಲ್ಲ. ಎಣ್ಣೆ, ಕೊಬ್ಬರಿ, ಎಳ್ಳು, ಶೇಂಗಾ ಸೇರಿದ ಚಟ್ನಿಪುಡಿಗಳು ಕಮಟು ಹಿಡಿಯುತ್ತವೆ. ಮೂಗು ಅದನ್ನು ಹಿಡಿಯುತ್ತದೆ, ನಾಲಗೆ ಖಚಿತಪಡಿಸುತ್ತದೆ. ಆದರೆ ತೇವ ಹೊಕ್ಕು ಬೂಷ್ಟು ಕಂಡ ಶೇಂಗಾ, ಒಣಮೆಣಸಿನಕಾಯಿ, ಜೋಳದ ವಿಷಯದಲ್ಲಿ ಮೂಗು ಸಾಲದು. ಕೆಲವು ಬೂಷ್ಟುಗಳು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅದು ಪಿತ್ತಕೋಶಕ್ಕಲ್ಲ, ನೇರವಾಗಿ ಯಕೃತ್ತಿಗೆ ಪೆಟ್ಟುಕೊಡುವ ವಿಷ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ರೋಗದಿಂದ ಸತ್ತರು. ಕೆಟ್ಟ ಕಾಳು ಯಾವುದೆಂದು ತಿಳಿಯದಷ್ಟು ಅಜ್ಞಾನ ಆ ರೈತರಲ್ಲಿರಲಿಲ್ಲ. ಅವರ ಮನೆಯಲ್ಲಿ ಬೇರೆ ಕಾಳಿರಲಿಲ್ಲ. ಹಳಸಿದ್ದನ್ನು ಎಸೆಯುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷಿ ಬೇಕಿಲ್ಲ.

ಇಲ್ಲಿಂದ ಮೂರನೆಯ ಪ್ರಶ್ನೆಗೆ ದಾರಿ. ಎಸೆಯಲಾರದ ಮನಸ್ಸನ್ನು ಮುಪ್ಪಿನ ಮರೆವು, ಜಿಪುಣತನ, ಹಟ ಎಂದು ಕರೆದು ಮುಗಿಸುವುದು ಸುಲಭ. ಆದರೆ ಕನ್ನಡ ನಾಡಿನ ಉಗ್ರಾಣಗಳಿಗೆ ಹಸಿವಿನ ಚರಿತ್ರೆಯಿದೆ. 1876–78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಕಂಡ ಸಾವುಗಳನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಾನುಗಟ್ಟಲೆ ಹುಗಿದಿಡುತ್ತಿದ್ದ ಹಳ್ಳಿಗರಿಗೆ ‘ಹಳೆಯದು’ ಎಂದರೆ ‘ಕೆಟ್ಟದ್ದು’ ಎಂಬ ಅರ್ಥವಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಬದುಕಿಸುವ ಕಾಳು ಎಂಬ ಅರ್ಥವಿತ್ತು. ಹಗೇವು ಇದ್ದವರು ಉಳಿದರು. ಇಲ್ಲದವರು ಉಳ್ಳವರ ಬಾಗಿಲಲ್ಲಿ ನಿಂತರು.

ಇವತ್ತು ಎಪ್ಪತ್ತೈದು ಎಂಬತ್ತರ ಹರೆಯದಲ್ಲಿರುವ ತಾಯಂದಿರು ಆ ಬರವನ್ನು ಕಂಡವರಲ್ಲ. ಆದರೆ 1965–66ರ ಬರವನ್ನು, ಹಡಗಿನಲ್ಲಿ ಬಂದ ಅಮೆರಿಕದ ಪಿ.ಎಲ್. 480 ಗೋಧಿಯನ್ನು, ವಾರಕ್ಕೊಂದು ಹೊತ್ತು ಊಟ ಬಿಡಿರೆಂಬ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಕರೆಯನ್ನು, ಶಾಲೆಯಲ್ಲಿ ಬಡಿಸುತ್ತಿದ್ದ ಉಪ್ಪಿಟ್ಟು ಮತ್ತು ಹಾಲಿನಪುಡಿಯನ್ನು ಕಂಡವರು. ಸಕ್ಕರೆಗೆ, ಸೀಮೆಎಣ್ಣೆಗೆ ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತವರು. ಅಂಥವರ ಕಪಾಟಿನಲ್ಲಿ ತಳಕ್ಕಂಟಿದ ಎರಡು ಚಮಚ ಪುಡಿಯೂ ಉಳಿಯುತ್ತದೆ. ತಿನ್ನಲೆಂದು ಇಟ್ಟದ್ದಲ್ಲ ಅದು. ಇಲ್ಲದ ದಿನ ಬಂದರೆ ಎಂಬ ಭಯಕ್ಕೆ ಇಟ್ಟದ್ದು. ಹತ್ತು ನಿಮಿಷದಲ್ಲಿ ದಿನಸಿ ಮನೆಬಾಗಿಲಿಗೆ ಬರುವ ಬೆಂಗಳೂರಿನಲ್ಲಿ ಕುಳಿತು ಆ ಭಯವನ್ನು ಗೇಲಿ ಮಾಡಬಹುದು. ಆದರೆ 2020ರ ಲಾಕ್‌ಡೌನಿನ ಮೊದಲ ವಾರ ಇದೇ ಹೊರನಾಡಿನ ಮನೆಗಳಲ್ಲಿ ಅಕ್ಕಿ, ಬೇಳೆ, ಹಿಟ್ಟುಗಳ ಮೂಟೆಗಳು ಹೇಗೆ ಜಮೆಯಾದವು ಎಂಬುದನ್ನು ನೆನೆದರೆ ನಗು ಸ್ವಲ್ಪ ಹಿಡಿತಕ್ಕೆ ಬರುತ್ತದೆ.

ಕಪಾಟಿಗೆ ಇನ್ನೊಂದು ಅರ್ಥವೂ ಇದೆ. ಹೊಲ, ಮನೆ, ಬ್ಯಾಂಕಿನ ಪುಸ್ತಕ ಎಲ್ಲವೂ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಹೆಣ್ಣಿನ ಆಡಳಿತ ನಡೆದ ಏಕೈಕ ಜಾಗ ಅದು. ಅಲ್ಲಿಯೇ ಅವಳ ಖಜಾನೆಯೂ ಇತ್ತು. ಸಾಸಿವೆ ಡಬ್ಬಿಯ ದುಡ್ಡು ಎಂಬ ಮಾತನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮನೆಖರ್ಚಿನಲ್ಲಿ ಉಳಿಸಿದ್ದು, ತವರಿನವರು ಕೈಗಿತ್ತದ್ದು, ಮಗಳ ಬಾಣಂತನಕ್ಕೆ, ತನ್ನದೇ ಕಾಯಿಲೆಗೆ ಯಾರನ್ನೂ ಕೇಳದೆ ಖರ್ಚುಮಾಡಲು ಇಟ್ಟದ್ದು. ಹೀಗಾಗಿ ಹೇಳದೆ ಕೇಳದೆ ಕಪಾಟಿಗೆ ಕೈ ಹಾಕಿ ಡಬ್ಬಿ ಖಾಲಿಮಾಡುವವರು ಮಸಾಲೆಯನ್ನಷ್ಟೇ ಮುಟ್ಟುತ್ತಿಲ್ಲ.

2016ರ ನವೆಂಬರ್ 8ರ ರಾತ್ರಿ ಆ ಡಬ್ಬಿಯೊಳಗಿನ ದುಡ್ಡಿಗೇ ಸರಕಾರ ಎಕ್ಸ್‌ಪೈರಿ ತಾರೀಖು ಹಾಕಿತು. 500 ಮತ್ತು 1000 ರೂಪಾಯಿಯ ನೋಟುಗಳನ್ನು ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕಾಯಿತು. ಲಕ್ಷಾಂತರ ಹೆಂಗಸರು ಗಂಡ ಮಕ್ಕಳ ಮುಂದೆ ತಮ್ಮ ಗುಟ್ಟನ್ನು ಒಪ್ಪಿಸಬೇಕಾಗಿ ಬಂತು. ಎಲ್ಲಿಟ್ಟದ್ದೆಂದು ಮರೆತವರ ಹಣ ಕಾಗದವಾಯಿತು. ಇಲ್ಲಿ ಹೊರನಾಡಿನ ಕೇಳುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಅವಧಿಯಲ್ಲಿ ದೇಶದ ಹೊರಗಿದ್ದ ಅನಿವಾಸಿ ಭಾರತೀಯರಿಗೆ 2017ರ ಜೂನ್ 30ರವರೆಗೆ, ಮಿತಿಯೊಂದಿಗೆ, ರಿಸರ್ವ್ ಬ್ಯಾಂಕಿನ ಐದು ಕಚೇರಿಗಳಲ್ಲಿ ನೋಟು ಬದಲಿಸಿಕೊಳ್ಳುವ ಅವಕಾಶವಿತ್ತು. ಆ ಐದರಲ್ಲಿ ಬೆಂಗಳೂರು ಇರಲಿಲ್ಲ ಎಂಬುದು ಬೇರೆ ಮಾತು. ವಿಮಾನದಲ್ಲಿ ಬರುವ ಮಗನಿಗೆ ಏಳೂವರೆ ತಿಂಗಳು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಏಳೂವರೆ ವಾರ. 2017ರಲ್ಲಿ ಬಂದ ಕಾಯಿದೆಯ ಪ್ರಕಾರ ಹತ್ತಕ್ಕಿಂತ ಹೆಚ್ಚು ಹಳೆಯ ನೋಟುಗಳನ್ನು ಇಟ್ಟುಕೊಂಡವರು ದಂಡಕ್ಕೂ ಗುರಿಯಾಗಬೇಕಾಯಿತು. ಹಳೆ ಡಬ್ಬಿಗಳನ್ನು ತೆರೆದಾಗ ಜೀರಿಗೆಯ ಕೆಳಗೆ ಮಡಿಸಿಟ್ಟ ನೋಟು ಸಿಕ್ಕರೆ ‘ಅವಧಿ ಮುಗಿದಿದೆ’ ಎಂದು ನಗುವ ಮುನ್ನ ಅವಧಿಯನ್ನು ಗೊತ್ತುಮಾಡಿದವರು ಯಾರೆಂದು ಕೇಳಬೇಕು.

ಈಗ ಕಪಾಟಿನ ಬಾಗಿಲನ್ನು ಇತ್ತ ತಿರುಗಿಸೋಣ. ನ್ಯೂಜೆರ್ಸಿಯ, ರೆಡಿಂಗಿನ, ಸಿಡ್ನಿಯ, ದುಬೈಯ ಕನ್ನಡ ಮನೆಗಳ ಅಡುಗೆಕೋಣೆಗಳಿಗೂ ಬೆನ್ನಭಾಗವಿದೆ. ಊರಿನಿಂದ 23 ಕಿಲೋ ಮಿತಿಯ ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ ಮಾಡಿ ತುಂಬಿಕೊಂಡು ಬಂದ ಹುಳಿಪುಡಿ, ಮೆಂತ್ಯದ ಹಿಟ್ಟು, ಗೊಜ್ಜಿನ ಪುಡಿ. ಊರಿನ ನೆನಪಿಗೆ ಕೊಂಡು ಎಂದೂ ಒಡೆಯದ ಬಿಸಿಬೇಳೆಬಾತಿನ ಪೊಟ್ಟಣ. ಆ ಪೊಟ್ಟಣಕ್ಕೂ ರಾಜಕೀಯವುಂಟು. ಬೆಂಗಳೂರಿನ ಎಂಟಿಆರ್ ಹೋಟೆಲು ಸಿದ್ಧ ಮಿಶ್ರಣಗಳ ವ್ಯಾಪಾರದತ್ತ ಹೊರಳಿದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, ಹೋಟೆಲು ತಿಂಡಿಗಳ ಬೆಲೆಯನ್ನು ಸರಕಾರ ಬಲವಂತವಾಗಿ ಇಳಿಸಿದಾಗ. ಆ ಪೊಟ್ಟಣದ ವ್ಯವಹಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ವಲಸೆ ಹೋದವರ ಊರಿನ ರುಚಿ ಅವರಿಗಿಂತ ದೊಡ್ಡ ವಲಸೆಯನ್ನು ಕಂಡಿದೆ.

ಇಂಥ ಕಪಾಟುಗಳಲ್ಲಿ ತಾರೀಖೇ ಇಲ್ಲದ ಬಾಟಲಿಯೊಂದೂ ಇರುತ್ತದೆ. ಮುಚ್ಚಳದ ಮೇಲೆ ಬಾಲ್ ಪೆನ್ನಿನಲ್ಲಿ ‘ಸಾರಿನಪುಡಿ’ ಎಂದು ಬರೆದ ಕೈ ಈಗ ಇಲ್ಲ. ಬಾಟಲಿ ತೆರೆದರೆ ಪರಿಮಳವೂ ಉಳಿದಿಲ್ಲ. ತಾಯಿ ತೀರಿಕೊಂಡಾಗ ವೀಸಾ, ರಜೆ, ಟಿಕೆಟ್ಟು ಯಾವುದೋ ಒಂದು ತಡವಾಗಿ ಮಣ್ಣಿಗೆ ಬರಲಾಗದೆ ಹೋದ ಮಕ್ಕಳಿಗೆ ಆ ಪುಡಿ ಸಾರಿಗೆ ಹಾಕುವ ಪದಾರ್ಥವಾಗಿ ಉಳಿಯುವುದಿಲ್ಲ. ಕಿಸಾಗೋತಮಿ ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿ ಹೊರಟಾಗ ಸಾಸಿವೆ ಎಲ್ಲ ಮನೆಯಲ್ಲೂ ಸಿಕ್ಕಿತ್ತು. ಅಮ್ಮನ ಹಳೆ ಡಬ್ಬಿಗಳನ್ನು ಕಸಕ್ಕೆ ಹಾಕಿ ಬಂದವರೇ ತಮ್ಮ ಮನೆಯ ಬಾಟಲಿಯನ್ನು ಮುಟ್ಟಲಾರದೆ ನಿಲ್ಲುತ್ತಾರೆ. ಊರಿನ ಅಮ್ಮನ ಕಪಾಟಿನ ಹಿಂದುಗಡೆಯೂ ಅವಳ ಅಮ್ಮ ಕೊಟ್ಟ ಡಬ್ಬಿಯೊಂದು ಇದ್ದಿರಬಹುದು.

ಕೊನೆಯ ಪ್ರಶ್ನೆ, ಮತ್ತು ಈ ಸಭೆಯ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು: ಆ ಕಪ್ಪು ಚೀಲ ಎಲ್ಲಿಗೆ ಹೋಗುತ್ತದೆ?

ಬಹಳಷ್ಟು ಮನೆಗಳಲ್ಲಿ ಅದು ಕಸಕ್ಕೆ ಹೋಗುವುದೇ ಇಲ್ಲ. ‘ಎಸೆಯೋದು ಯಾಕೆ, ಕೆಲಸದವಳಿಗೆ ಕೊಡು’ ಎಂಬ ಮಾತು ಎಷ್ಟು ಸಹಜವಾಗಿ ಬರುತ್ತದೆ ಎಂಬುದನ್ನು ಯೋಚಿಸಬೇಕು. ತಾರೀಖು ಮುಗಿದ ಬಿಸ್ಕತ್ತು, ಮುಗ್ಗಲು ಹಿಡಿದ ರವೆ, ವಿದೇಶದಿಂದ ಬಂದು ಯಾರೂ ತಿನ್ನದೆ ಮೆತ್ತಗಾದ ಚಾಕೊಲೇಟು ಅವಳ ಚೀಲ ಸೇರುತ್ತವೆ. ಮನೆಯ ಮಗುವಿಗೆ ವಿಷವೆನಿಸಿದ್ದು ಅವಳ ಮಗುವಿಗೆ ದಾನವೆನಿಸುತ್ತದೆ. ಇದಕ್ಕೆ ಹಿಂದಿನ ಚರಿತ್ರೆ ಕನ್ನಡಿಗರಿಗೆ ತಿಳಿಯದ್ದೇನಲ್ಲ. ಕೇರಿಯಿಂದ ಬಂದವರಿಗೆ ಹಿತ್ತಿಲ ಬಾಗಿಲಲ್ಲಿ, ಪಾತ್ರೆ ತಾಕದಂತೆ ಮೇಲಿನಿಂದ ತಂಗಳನ್ನು ಸುರಿಯುತ್ತಿದ್ದ ಕೈಗಳೇ ಇಂದು ಪಾಲಿಥೀನ್ ಚೀಲದಲ್ಲಿ ಹಾಕಿ ಕೊಡುತ್ತಿವೆ. ಬದಲಾದದ್ದು ಚೀಲ. ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಲ್ಲಿಯೇ ಗೊತ್ತುಪಡಿಸಲಾಯಿತು. ಮಿಕ್ಕ ಆಹಾರ ಅದರ ಭಾಗವಲ್ಲ. ಅದರ ಬದಲಿಯಂತೂ ಅಲ್ಲವೇ ಅಲ್ಲ.

ಮನೆಯೊಳಗೆ ನಡೆಯುವುದೇ ಮಾರುಕಟ್ಟೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅವಧಿ ಮೀರಿದ ಸರಕು ಹೊಸ ತಾರೀಖಿನೊಂದಿಗೆ ಮತ್ತೆ ಅಂಗಡಿಗೆ ಬರುವುದನ್ನು ತಡೆಯಲೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ತಯಾರಕರಿಗೆ ಹೊಸ ಸೂಚನೆ ಕೊಟ್ಟಿತು: ತಿರಸ್ಕೃತವಾದ ಮತ್ತು ಅವಧಿ ಮೀರಿದ ಆಹಾರದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕು. ಅಂಥ ಸರಕು ಕೊನೆಗೆ ಇಳಿಯುವುದು ಲೇಬಲ್ ಓದುವಷ್ಟು ಪುರುಸೊತ್ತಿಲ್ಲದವರ, ಅಗ್ಗದ್ದನ್ನೇ ಕೊಳ್ಳಬೇಕಾದವರ ತಟ್ಟೆಗೆ. ಇನ್ನೊಂದು ಕಡೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ಶೇಕಡ 60ರಷ್ಟು ಮನೆಗಳಿಂದಲೇ ಬಂದದ್ದು. ಅದೇ ವರದಿ ಹಸಿದವರ ಸಂಖ್ಯೆಯನ್ನು 78.3 ಕೋಟಿ ಎನ್ನುತ್ತದೆ. ಒಳ್ಳೆಯ ಆಹಾರವನ್ನು ಎಸೆದು ಕೆಟ್ಟದ್ದನ್ನು ಬಡವರಿಗೆ ದಾಟಿಸುವ ಈ ಏರ್ಪಾಟನ್ನು ಒಂದು ಕಪಾಟು ಸ್ವಚ್ಛಮಾಡಿ ಸರಿಪಡಿಸಲಾಗದು. ಆದರೆ ಅದರ ನಿಯಮಗಳನ್ನು ಮನೆಯೊಳಗೆ ಒಪ್ಪದೆ ಇರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಮನೆಯೊಡತಿ ಮಲಗಿದ್ದಾಗಲೋ ದೇವಸ್ಥಾನಕ್ಕೆ ಹೋದಾಗಲೋ ಕಪಾಟು ಖಾಲಿಮಾಡುವ ಕೆಲಸ ನಿಲ್ಲಬೇಕು. ಅವಳನ್ನು ಕೂರಿಸಿಕೊಂಡು ಡಬ್ಬಿಗಳನ್ನು ಒಂದೊಂದಾಗಿ ಇಳಿಸಲಿ. ಚಿಕ್ಕ ಅಕ್ಷರದ ತಾರೀಖು ಅವಳ ಕಣ್ಣಿಗೆ ಕಾಣದಿದ್ದರೆ ದೊಡ್ಡದಾಗಿ ಕನ್ನಡದಲ್ಲಿ ಬರೆದು ಅಂಟಿಸಲಿ. ಎರಡನೆಯದಾಗಿ, ಬೂಷ್ಟು ಹಿಡಿದದ್ದು, ಕಮಟಾದದ್ದು, ಉಬ್ಬಿದ ಡಬ್ಬ, ಹಳೆಯ ಶೇಂಗಾ, ಅವಧಿ ಮೀರಿದ ಮಕ್ಕಳ ಆಹಾರ ಮತ್ತು ಔಷಧ, ಇವುಗಳಲ್ಲಿ ರಿಯಾಯಿತಿ ಬೇಡ. ಪರಿಮಳ ಕಳೆದುಕೊಂಡ ಒಣ ಮಸಾಲೆ ಗೊಬ್ಬರದ ಗುಂಡಿಗೆ ಹೋಗಲಿ. ಇನ್ನೂ ಪರಿಮಳವಿದ್ದರೆ ಒಂದು ಚಮಚ ಹೆಚ್ಚಿಗೆ ಹಾಕಿ ಈ ವಾರವೇ ಸಾರಾಗಲಿ. ಮೂರನೆಯದಾಗಿ, ಮುಂದೆ ಕಡಿಮೆ ಕೊಳ್ಳುವಂತಾಗಲಿ. ಒಂಟಿಯಾಗಿರುವ ಮುದುಕರ ಮನೆಗೆ ದೂರದಿಂದಲೇ ಮೊಬೈಲಿನಲ್ಲಿ ಐದೈದು ಕಿಲೋ ದಿನಸಿ ತರಿಸಿಕೊಡುವ ಮಕ್ಕಳ ಪ್ರೀತಿಯೇ ಎಷ್ಟೋ ಕಪಾಟುಗಳಲ್ಲಿ ಹುಳ ಹಿಡಿಯುತ್ತಿದೆ. ಇಬ್ಬರಿಗೆ ಬೇಕಾದದ್ದು ಅರ್ಧ ಕಿಲೋ ಬೇಳೆ, ಮತ್ತು ಅದನ್ನು ಜೊತೆಗೆ ಕುಳಿತು ಉಣ್ಣುವವರು.

ನಾಲ್ಕನೆಯದು ನಿಯಮವಲ್ಲ, ಪರೀಕ್ಷೆ. ಕೈಯಲ್ಲಿರುವ ಪದಾರ್ಥವನ್ನು ಮನೆಯವರು ಇವತ್ತು ರಾತ್ರಿ ತಿನ್ನಬಹುದೇ? ತಿನ್ನಬಹುದಾದರೆ ಅದನ್ನು ತಿನ್ನಲಿ, ಇಲ್ಲವೇ ಯಾರಿಗಾದರೂ ಗೌರವದಿಂದ ಕೊಡಲಿ. ತಿನ್ನಲಾಗದಿದ್ದರೆ ಅದು ಯಾರ ಕೈಗೂ ಹೋಗಬಾರದು. ಪೊಟ್ಟಣ ಹರಿದು, ಒಳಗಿನದನ್ನು ಹಸಿ ಕಸಕ್ಕೆ ಸುರಿದು, ಪೌರಕಾರ್ಮಿಕರು ಕೈಯಿಂದ ಕೆದಕಬೇಕಾಗದಂತೆ ಬೇರೆ ಬೇರೆಯಾಗಿ ಕೊಡುವಷ್ಟರಲ್ಲಿ ಆ ಮಧ್ಯಾಹ್ನದ ಕೆಲಸ ಮುಗಿಯುತ್ತದೆ.